ಸ್ಟ್ಯಾಂಡರ್ಡ್ ಪರದೆಯೊಳಗೆ ಎಷ್ಟು ದೂರ ಬರಬಹುದು?

ಇಮೇಲ್ ಓದಿದ್ದಕ್ಕೆ ರಸೀದಿ ಕಳಿಸುವ ವ್ಯವಸ್ಥೆಗೆ ಒಂದು ಸ್ಟ್ಯಾಂಡರ್ಡ್ ಇದೆ. ಇಂಟರ್ನೆಟ್ ಸ್ಟ್ಯಾಂಡರ್ಡ್‌ಗಳು ‘ಆರ್‌ಎಫ್‌ಸಿ’ ಎಂಬ ಸಂಖ್ಯೆ ಹೊತ್ತ ದಾಖಲೆಗಳಾಗಿ ಹೊರಬರುತ್ತವೆ. ಇದು 1998ರಲ್ಲಿ ಆರ್‌ಎಫ್‌ಸಿ 2298 ಆಗಿ ಬಂತು, 2004ರಲ್ಲಿ 3798 ಆಯಿತು, 2017ರಿಂದ ಅದರ ಸಂಖ್ಯೆ 8098. ಅದರಲ್ಲಿ ಬರುವ ಒಂದು ಮಾತಿನ ತಾತ್ಪರ್ಯ ಹೀಗಿದೆ: ಇಂಟರ್ನೆಟ್ ಸ್ಟ್ಯಾಂಡರ್ಡ್‌ಗಳು ಸಾಮಾನ್ಯವಾಗಿ ಯೂಸರ್ ಇಂಟರ್‌ಫೇಸ್, ಅಂದರೆ ಬಳಕೆದಾರರಿಗೆ ಕಾಣುವ ಪರದೆ, ಹೇಗೆ ನಡೆದುಕೊಳ್ಳಬೇಕೆಂದು ಹೇಳುವುದಿಲ್ಲ, ಆದರೂ ರಸೀದಿ ಕಳಿಸುವ ಮೊದಲು ಬಳಕೆದಾರರ ಒಪ್ಪಿಗೆ ಪಡೆಯಿರಿ ಎಂದು ಬಲವಾಗಿ ಶಿಫಾರಸು ಮಾಡುತ್ತೇವೆ. ಪ್ರತಿ ಸಲ ಕೇಳಿದರೂ ಸರಿ, ಸೆಟ್ಟಿಂಗ್‌ನಲ್ಲಿ ಒಮ್ಮೆ ಕೇಳಿಟ್ಟುಕೊಂಡರೂ ಸರಿ. ‘ನಿಮ್ಮ ಮನೆ ವಿಚಾರಕ್ಕೆ ನಾವು ತಲೆಹಾಕುವವರಲ್ಲಪ್ಪ’ ಎನ್ನುತ್ತಲೇ ಒಳಗೆ ಬಂದು ಕುರ್ಚಿ ಎಲ್ಲಿಡಬೇಕೆಂದು ಹೇಳಿದ ಹಾಗಾಯಿತು.

ಇನ್ನೊಂದು ಕಡೆ ನೋಡಿ. ಇಮೇಲ್‌ನ ರೂಪವನ್ನೇ ನಿರ್ಧರಿಸುವ ಆರ್‌ಎಫ್‌ಸಿ 5322, ‘ರಿಪ್ಲೈ ಆಲ್’ ಗುಂಡಿಯ ಪ್ರಶ್ನೆ ಬಂದ ಕೂಡಲೇ ಕೈ ಚೆಲ್ಲುತ್ತದೆ. ಉತ್ತರ ಬರೆಯುವಾಗ ಮೂಲ ಪತ್ರದ ವಿಳಾಸಗಳನ್ನೆಲ್ಲ ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದು ಆಯಾ ತಂತ್ರಾಂಶಕ್ಕೆ ಬಿಟ್ಟದ್ದು, ಈ ದಾಖಲೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಅದರಲ್ಲೇ ಬರೆದಿದೆ. ಇಡೀ ಆಫೀಸಿನ ಮುಂದೆ ಮಾನ ಹೋಗುವುದು ಈ ಗುಂಡಿಯಿಂದ. ಅದರ ಬಗ್ಗೆ ಮೌನ. ರಸೀದಿಯ ಬಗ್ಗೆ ಉಪದೇಶ. ಯಾಕೆ ಹೀಗೆ?

ರಸೀದಿಯಿಂದಲೇ ಶುರುಮಾಡೋಣ. ಕಳಿಸುವವರು ಪತ್ರದ ತಲೆಯಲ್ಲಿ ಒಂದು ಹೆಡರ್ ಇಡುತ್ತಾರೆ, ‘ರಸೀದಿಯನ್ನು ಈ ವಿಳಾಸಕ್ಕೆ ಕಳಿಸಿ’ ಎಂದು. ಅದು ಬರೀ ವಿನಂತಿ. ಪಡೆಯುವ ತಂತ್ರಾಂಶ ಸದ್ದಿಲ್ಲದೆ ಪಕ್ಕಕ್ಕಿಡಬಹುದು. ಪಾಲಿಸಿದರೆ ಹೊರಟುಹೋಗುವುದು ಪಡೆದವರ ಖಾಸಗಿ ಸಂಗತಿ: ಈ ವಿಳಾಸ ಜೀವಂತ ಇದೆ, ಇವರು ಇಷ್ಟು ಹೊತ್ತಿಗೆ ಪತ್ರ ತೆರೆದರು. ಸ್ಪ್ಯಾಮ್ ಕಳಿಸುವವರಿಗೆ ಇದಕ್ಕಿಂತ ಬೇಕಾದ್ದು ಏನಿದೆ? ಹಾಗಾಗಿ ಒಪ್ಪಿಗೆ ಕೇಳುವುದು ಇಲ್ಲಿ ಅಲಂಕಾರದ ವಿಷಯವಾಗಿ ಉಳಿಯಲಿಲ್ಲ. ರಸೀದಿಯಲ್ಲಿ ‘ಡಿಸ್‌ಪ್ಲೇಯ್ಡ್’ ಎಂದು ಬಂದರೂ ಅದರ ಅರ್ಥ ಪತ್ರ ಯಾರಿಗೋ ತೆರೆದು ತೋರಿಸಲ್ಪಟ್ಟಿತು ಎಂದಷ್ಟೇ. ಓದಿದರು, ಅರ್ಥಮಾಡಿಕೊಂಡರು ಎಂಬ ಖಾತರಿ ಇಲ್ಲ ಎಂದೂ ಅದೇ ಸ್ಟ್ಯಾಂಡರ್ಡ್ ಹೇಳುತ್ತದೆ. ನೀಲಿ ಟಿಕ್ ನೋಡಿ ಜಗಳ ಆಡುವವರು ಈ ಸಾಲನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಅದೇ ಪತ್ರ ಫೋನ್‌ನಲ್ಲೂ ಇದೆ, ಲ್ಯಾಪ್‌ಟಾಪ್‌ನಲ್ಲೂ ಇದೆ ಅಂದುಕೊಳ್ಳಿ. ಫೋನ್ ಕೇಳಿತು, ನೀವು ಬೇಡ ಅಂದಿರಿ. ಸಂಜೆ ಲ್ಯಾಪ್‌ಟಾಪ್ ಮತ್ತೆ ಕೇಳುತ್ತದೆ, ಕೈತಪ್ಪಿ ಹೌದು ಒತ್ತುತ್ತೀರಿ. ಇದಕ್ಕಾಗಿಯೇ 2003ರ ಆರ್‌ಎಫ್‌ಸಿ 3503, ಸರ್ವರ್‌ನಲ್ಲಿರುವ ಪತ್ರದ ಮೇಲೆ ‘ರಸೀದಿಯ ಕೇಳಿಕೆ ಇತ್ಯರ್ಥವಾಗಿದೆ’ ಎಂಬ ಗುರುತು ಹಾಕುವ ಕ್ರಮ ತಂದಿತು. ಪೆಟ್ಟಿಗೆಯ ಬಣ್ಣ, ಗುಂಡಿಯ ಮೇಲಿನ ಮಾತು, ಯಾವುದರ ಬಗ್ಗೆಯೂ ಅದು ಸೊಲ್ಲೆತ್ತುವುದಿಲ್ಲ. ಒಂದು ಯಂತ್ರಕ್ಕೆ ಗೊತ್ತಾದದ್ದು ಇನ್ನೊಂದಕ್ಕೂ ಗೊತ್ತಾಗುವ ಹಾಗೆ ಮಾಡಿತು, ಅಷ್ಟೆ.

ಇದನ್ನು ಅಳೆಯುವ ಕೋಲು ಒಂದು ಮೊದಲಿಂದಲೂ ಇದೆ. ಸ್ಟ್ಯಾಂಡರ್ಡ್‌ಗಳಲ್ಲಿ ಬರುವ ‘ಮಸ್ಟ್’, ‘ಶುಡ್’, ‘ಮೇ’ ಪದಗಳಿಗೆ ಅರ್ಥ ನಿಗದಿ ಮಾಡಿದ 1997ರ ಆರ್‌ಎಫ್‌ಸಿ 2119ರ ಆರನೆಯ ಭಾಗದಲ್ಲಿ ಅದು ಸಿಗುತ್ತದೆ. ಈ ಪದಗಳನ್ನು ಬಳಸಬೇಕಾದ್ದು ಎರಡೇ ಕಡೆ: ಬೇರೆ ಬೇರೆ ತಂತ್ರಾಂಶಗಳು ಒಟ್ಟಿಗೆ ಕೆಲಸ ಮಾಡಲು ಅಗತ್ಯವಿದ್ದಾಗ, ಇಲ್ಲವೇ ಹಾನಿ ಆಗುವುದನ್ನು ತಡೆಯಬೇಕಾದಾಗ. ಅಗತ್ಯವಿಲ್ಲದ ಕಡೆ ಒಂದೇ ವಿಧಾನವನ್ನು ಹೇರಲು ಬಳಸಬಾರದು. ಮೆಸೇಜಿಂಗ್‌ಗೆ ಇದನ್ನು ನಾನು ಸ್ವಲ್ಪ ಬಗ್ಗಿಸಿ ಹೇಳುತ್ತೇನೆ. ಒಂದು ಮೆಸೇಜ್‌ಗೆ ಎರಡು ಪರದೆ ಇರುತ್ತವೆ. ಕಳಿಸಿದವರು ‘ಅವರಿಗೆ ಹೀಗೆ ಕಾಣುತ್ತದೆ’ ಎಂದು ನಂಬಿದ್ದಕ್ಕೂ ಆ ಕಡೆ ಕಂಡದ್ದಕ್ಕೂ ವ್ಯತ್ಯಾಸ ಬಂದು, ಅದು ಇಬ್ಬರ ಗಮನಕ್ಕೂ ಬರದೆ ಹೋಗುವಂತಿದ್ದರೆ, ಅಲ್ಲಿ ಸ್ಟ್ಯಾಂಡರ್ಡ್ ಪರದೆಯೊಳಗೆ ಕಾಲಿಡಲೇಬೇಕು. ಮಿಕ್ಕ ಕಡೆ ಅದು ಸಂಗತಿಯನ್ನು ತಲುಪಿಸಿ ಸುಮ್ಮನಿದ್ದರೆ ಸಾಕು.

ಸಂಗತಿ ತಲುಪಿಸುವುದು ಎಂದರೇನು? ‘ರಿಪ್ಲೈ’ಯ ಕಥೆಯನ್ನೇ ತೆಗೆದುಕೊಳ್ಳಿ. ಒಂದು ವಿಳಾಸಕ್ಕೆ ಬರೆದರೆ ಸದಸ್ಯರಿಗೆಲ್ಲ ತಲುಪಿಸುವ ಮೇಲಿಂಗ್ ಲಿಸ್ಟ್‌ಗಳಲ್ಲಿ ಹಳೆಯ ವ್ಯಾಜ್ಯ ಒಂದಿದೆ: ಉತ್ತರವು ಮೂಲ ಪತ್ರ ಬರೆದವರಿಗೆ ಹೋಗಬೇಕೋ ಇಡೀ ಲಿಸ್ಟ್‌ಗೆ ಹೋಗಬೇಕೋ? ಕೆಲವು ಲಿಸ್ಟ್ ಸರ್ವರ್‌ಗಳು ಉತ್ತರ ಎಲ್ಲಿಗೆ ಹೋಗಬೇಕೆಂದು ಹೇಳುವ ರಿಪ್ಲೈ-ಟು ಹೆಡರನ್ನು ತಿದ್ದಿ ಲಿಸ್ಟ್‌ನ ವಿಳಾಸ ತುರುಕಿದವು. ಪರಿಣಾಮ, ಒಬ್ಬರಿಗೆ ಗುಟ್ಟಾಗಿ ಬರೆದದ್ದು ಎಲ್ಲರಿಗೂ ಹೋಯಿತು. ಮೂಲ ಪತ್ರ ಬರೆದವರು ತಾವೇ ಇಟ್ಟಿದ್ದ ರಿಪ್ಲೈ-ಟು ವಿಳಾಸವೂ ಅಳಿಸಿಹೋಯಿತು. ಹೆಡರ್ ಮೂಲಕ ಗುಂಡಿಯನ್ನು ಆಡಿಸಲು ಹೊರಟರೆ ಹೀಗೇ. ಆದರೆ 1998ರ ಆರ್‌ಎಫ್‌ಸಿ 2369 ಬೇರೆ ದಾರಿ ಹಿಡಿಯಿತು. ‘ಲಿಸ್ಟ್-ಪೋಸ್ಟ್’ ಎಂಬ ಹೆಡರ್ ಕೊಟ್ಟು, ‘ಈ ಪತ್ರ ಒಂದು ಲಿಸ್ಟ್ ಮೂಲಕ ಬಂದಿದೆ, ಆ ಲಿಸ್ಟ್‌ಗೆ ಬರೆಯುವ ವಿಳಾಸ ಇದು’ ಎಂದಿತು. ಅದನ್ನು ನೋಡಿ ಥಂಡರ್‌ಬರ್ಡ್‌ನಂತಹ ತಂತ್ರಾಂಶಗಳು ‘ರಿಪ್ಲೈ’, ‘ರಿಪ್ಲೈ ಆಲ್’ ಜೊತೆಗೆ ಮೂರನೆಯ ಗುಂಡಿ ಇಟ್ಟವು: ‘ರಿಪ್ಲೈ ಟು ಲಿಸ್ಟ್’. ಗುಂಡಿ ಇಡಿ ಎಂದು ಸ್ಟ್ಯಾಂಡರ್ಡ್ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

‘ಇಂಟರ್‌ಫೇಸ್ ನಮ್ಮ ವ್ಯಾಪ್ತಿಯಲ್ಲ’ ಎನ್ನುವ ಸ್ಟ್ಯಾಂಡರ್ಡ್‌ಗಳೂ ಹಿಂಬಾಗಿಲಿನಿಂದ ಇಂಟರ್‌ಫೇಸ್ ಕಟ್ಟುತ್ತವೆ, ಇದನ್ನು ಮರೆಯಬೇಡಿ. ಸರ್ವರ್‌ನಲ್ಲಿರುವ ಪತ್ರಗಳನ್ನು ಮೇಲ್ ತಂತ್ರಾಂಶ ಓದಲು ಬಳಸುವ ಐಮ್ಯಾಪ್ ಎಂಬ ನಿಯಮಾವಳಿಯಲ್ಲಿ ಪತ್ರ ಅಳಿಸುವುದು ಎರಡು ಹಂತದ ಕೆಲಸ. ಮೊದಲು ‘ಡಿಲೀಟೆಡ್’ ಎಂಬ ಗುರುತು, ಆಮೇಲೆ ‘ಎಕ್ಸ್‌ಪಂಜ್’ ಎಂಬ ಆದೇಶ. ಹಳೆಯ ಮೇಲ್ ತಂತ್ರಾಂಶಗಳಲ್ಲಿ ಅಳಿಸಿದ ಪತ್ರ ಅಡ್ಡಗೆರೆ ಎಳೆಸಿಕೊಂಡು ಅಲ್ಲೇ ಕೂತಿರುತ್ತಿದ್ದದ್ದು ಇದರಿಂದಲೇ. ಆಮೇಲೆ ಜನ ಕಸದ ಬುಟ್ಟಿ ಕೇಳಿದರು. ಬುಟ್ಟಿಗೆ ಹಾಕಬೇಕಾದರೆ ಪತ್ರವನ್ನು ಅಲ್ಲಿಗೆ ನಕಲು ಮಾಡು, ಇಲ್ಲಿ ಗುರುತು ಹಾಕು, ಎಕ್ಸ್‌ಪಂಜ್ ಮಾಡು: ಮೂರು ಆದೇಶ. ನಡುವೆ ನೆಟ್‌ವರ್ಕ್ ಕಡಿದರೆ ಪತ್ರ ಎರಡೂ ಕಡೆ ಉಳಿಯುತ್ತದೆ. ಇನ್ನೂ ಕೆಟ್ಟದ್ದು, ಬರೀ ಎಕ್ಸ್‌ಪಂಜ್ ಎಂದರೆ ಆ ಫೋಲ್ಡರ್‌ನಲ್ಲಿ ಗುರುತು ಬಿದ್ದಿರುವ ಎಲ್ಲವೂ ಹೋಗುತ್ತವೆ. ಡೆಸ್ಕ್‌ಟಾಪ್‌ನಲ್ಲಿ ‘ಆಮೇಲೆ ನೋಡೋಣ’ ಎಂದು ಅಡ್ಡಗೆರೆ ಎಳೆದಿಟ್ಟದ್ದನ್ನು ಫೋನ್ ಒಂದೇ ಏಟಿಗೆ ಗುಡಿಸಿಹಾಕುತ್ತದೆ. ‘ಮೂವ್’ ಎಂಬ ಒಂದೇ ಆದೇಶ ಸ್ಟ್ಯಾಂಡರ್ಡ್ ಆಗಿ ಬಂದದ್ದು 2013ರಲ್ಲಿ, ಆರ್‌ಎಫ್‌ಸಿ 6851ರಲ್ಲಿ.

ಕಳಿಸಿದ ಪತ್ರಗಳ ಫೋಲ್ಡರ್‌ಗೂ ಇದೇ ಗತಿ. ಒಂದು ತಂತ್ರಾಂಶ ‘ಸೆಂಟ್’ ಎಂದಿತು, ಇನ್ನೊಂದು ‘ಸೆಂಟ್ ಐಟಮ್ಸ್’, ಮತ್ತೊಂದು ‘ಸೆಂಟ್ ಮೆಸೇಜಸ್’. ಒಂದೇ ಖಾತೆಯಲ್ಲಿ ಮೂರು ಫೋಲ್ಡರ್, ಯಾವುದರಲ್ಲೂ ಪೂರ್ತಿ ಲೆಕ್ಕ ಇಲ್ಲ. 2011ರ ಆರ್‌ಎಫ್‌ಸಿ 6154 ಹೆಸರಿನ ತಂಟೆಗೆ ಹೋಗದೆ ಫೋಲ್ಡರ್‌ಗೆ ಒಂದು ಗುರುತು ಕೊಟ್ಟಿತು: ಇದು ಕಳಿಸಿದ್ದಕ್ಕೆ, ಇದು ಕರಡಿಗೆ, ಇದು ಕಸಕ್ಕೆ. ಪರದೆಯ ಮೇಲೆ ಅದನ್ನು ‘ಕಳಿಸಿದ್ದು’ ಎಂದು ಕನ್ನಡದಲ್ಲೇ ತೋರಿಸಿಕೊಳ್ಳಿ, ಬೇಡ ಅನ್ನುವವರಿಲ್ಲ.

ಎಸ್‌ಎಂಎಸ್‌ ವಿಚಾರದಲ್ಲಂತೂ ಇಂಟರ್‌ಫೇಸ್ ಬರೆದದ್ದು ಪೂರ್ತಿ ಸ್ಟ್ಯಾಂಡರ್ಡ್. ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 140 ಬೈಟ್. 7 ಬಿಟ್‌ನ ಅಕ್ಷರಗಳಾದರೆ 160. ಕನ್ನಡಕ್ಕೆ ಬೇಕಾದ 16 ಬಿಟ್ ಆದರೆ 70. ಉದ್ದವಾದರೆ ತುಂಡು ಮಾಡಬೇಕು, ತುಂಡುಗಳನ್ನು ಜೋಡಿಸುವ ಮಾಹಿತಿಗೆ ಪ್ರತಿ ತುಂಡಿನಲ್ಲೂ 6 ಬೈಟ್ ಹೋಗುತ್ತದೆ, ಉಳಿಯುವುದು 153 ಅಥವಾ 67. ಈಗ ಸರಿಯಾಗಿ 160 ಅಕ್ಷರದ ಇಂಗ್ಲಿಷ್ ಮೆಸೇಜ್ ಬರೆದು ಕೊನೆಯ ಒಂದು ಅಕ್ಷರವನ್ನು ಕನ್ನಡದ್ದು ಮಾಡಿ. ಆ ಒಂದೇ ಅಕ್ಷರಕ್ಕೆ ಇಡೀ ಮೆಸೇಜ್ 16 ಬಿಟ್‌ಗೆ ಬದಲಾಗಿ ಮೂರು ತುಂಡಾಗುತ್ತದೆ, ಮೂರರ ದುಡ್ಡು ಬೀಳುತ್ತದೆ. ಟೈಪ್ ಮಾಡುವ ಜಾಗದ ಪಕ್ಕದಲ್ಲಿ ಸಣ್ಣ ಎಣಿಕೆ ಇಡಿ ಎಂದು ಯಾವ ಸ್ಟ್ಯಾಂಡರ್ಡೂ ಹೇಳಬೇಕಾಗಿರಲಿಲ್ಲ. ದುಡ್ಡಿನ ಲೆಕ್ಕ ಅದನ್ನು ತಾನಾಗಿಯೇ ಹುಟ್ಟಿಸಿತು.

ಆ ಎಣಿಕೆ ಏನನ್ನು ಎಣಿಸಬೇಕು? ‘ಶುಭಾಶಯಗಳು’ ಎಂದು ಬರೆದರೆ ನಮ್ಮ ಕಣ್ಣಿಗೆ ಆರು ಅಕ್ಷರ. ಎಸ್‌ಎಂಎಸ್ ಲೆಕ್ಕದಲ್ಲಿ ಒಂಬತ್ತು, ಯಾಕೆಂದರೆ ಕೊಂಬು, ದೀರ್ಘ ಎಲ್ಲ ಬೇರೆ ಬೇರೆ. ‘ಕ್ಷ’ ಒಂದಕ್ಕೇ ಮೂರು. ಕನ್ನಡ ಓದುಗರ ಮೇಲಿನ ಪ್ರೀತಿಯಿಂದ ಎಣಿಕೆಯನ್ನು ಅಕ್ಷರಕ್ಕೆ ಬದಲಾಯಿಸಿದರೆ ಬಿಲ್ ತಪ್ಪುತ್ತದೆ. ಇಲ್ಲಿ ಪರದೆ ಯಂತ್ರದ ಲೆಕ್ಕವನ್ನೇ ತೋರಿಸಬೇಕು. ಅಂದಹಾಗೆ, ಮೊಬೈಲ್ ಜಾಲಗಳ ನಿಯಮ ರೂಪಿಸುವ 3ಜಿಪಿಪಿಯ ಸ್ಟ್ಯಾಂಡರ್ಡ್‌ನಲ್ಲಿ ಕನ್ನಡಕ್ಕೂ ಒಂದು 7 ಬಿಟ್ ಕೋಷ್ಟಕ ಇದೆ. ಅದನ್ನು ಬಳಸಿದರೆ ಒಂದು ಎಸ್‌ಎಂಎಸ್‌ಗೆ 155 ಹಿಡಿಸುತ್ತದೆ. ಆದರೆ ಪಡೆಯುವ ಫೋನ್‌ಗೆ ಆ ಕೋಷ್ಟಕ ಗೊತ್ತಿಲ್ಲದಿದ್ದರೆ ಅದು ಮಾಮೂಲಿ ಕೋಷ್ಟಕ ಹಿಡಿದು ಓದಿ ಅರ್ಥವಿಲ್ಲದ ರೋಮನ್ ಅಕ್ಷರ ತೋರಿಸುತ್ತದೆ, ಕಳಿಸಿದವರಿಗೆ ಸುಳಿವೂ ಸಿಗುವುದಿಲ್ಲ. ಎರಡು ಪರದೆ, ಎರಡು ಸತ್ಯ, ಯಾರಿಗೂ ಗೊತ್ತಿಲ್ಲ. ಆಗಲೇ ಹೇಳಿದ ಅಳತೆಗೋಲಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇದೇ ಎಸ್‌ಎಂಎಸ್ ಒಳಗೆ ಪರದೆಯ ಮೇಲೆ ನೇರ ಅಧಿಕಾರ ನಡೆಸುವ ನಿಯಮವೂ ಇದೆ: ಕ್ಲಾಸ್ ಝೀರೋ, ಜನ ಫ್ಲ್ಯಾಶ್ ಎಸ್‌ಎಂಎಸ್ ಅನ್ನುವುದು. ಮೆಸೇಜ್‌ನ ಒಂದು ಬೈಟ್‌ನಲ್ಲಿ ಎರಡು ಬಿಟ್ ವರ್ಗ ಹೇಳುತ್ತವೆ. ಅವು ಸೊನ್ನೆ ಆಗಿದ್ದರೆ ಫೋನ್ ಮೆಸೇಜನ್ನು ತಕ್ಷಣ ಪರದೆ ಮೇಲೆ ತೋರಿಸಬೇಕು, ತಾನಾಗಿ ಉಳಿಸಿಕೊಳ್ಳಬಾರದು. ನೀವು ಏನೋ ಟೈಪ್ ಮಾಡುತ್ತಿರುವಾಗ ಹಠಾತ್ತನೆ ಮೇಲೆದ್ದು ಬಂದು, ಬೆರಳು ಅದಾಗಲೇ ಕೆಳಗಿಳಿಯುತ್ತಿದ್ದ ಜಾಗದಲ್ಲೇ ‘ಓಕೆ’ ಇಟ್ಟುಕೊಂಡು ಕೂರುವ ಜಾಹೀರಾತುಗಳನ್ನು ನೀವೆಲ್ಲ ನೋಡಿದ್ದೀರಿ. ಮುಚ್ಚಿದ ಮೇಲೆ ಏನು ಬರೆದಿತ್ತೆಂದು ನೋಡಲು ಇನ್‌ಬಾಕ್ಸ್‌ನಲ್ಲಿ ಕುರುಹೂ ಇರುವುದಿಲ್ಲ. ನಿಯಮ ಪರದೆಯನ್ನು ಬಿಟ್ಟುಕೊಟ್ಟಿತು. ಯಾರಿಗೆ ಬಿಟ್ಟುಕೊಡಬೇಕೆಂದು ಹೇಳಲಿಲ್ಲ.

2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ತುರ್ತು ಎಚ್ಚರಿಕೆಯ ಪ್ರಯೋಗ ನಡೆದಾಗ ಅನೇಕರ ಫೋನ್ ಜೇಬಿನಲ್ಲೇ ಕಿರುಚಿಕೊಂಡಿತಲ್ಲ, ಅದು ಸೆಲ್ ಬ್ರಾಡ್‌ಕಾಸ್ಟ್, ಒಂದು ಪ್ರದೇಶದ ಫೋನ್‌ಗಳಿಗೆಲ್ಲ ಒಮ್ಮೆಗೇ ಹೋಗುವ ಸಂದೇಶ. ಅಲ್ಲೂ ಪರದೆ ಆಕ್ರಮಿಸಿಕೊಳ್ಳುವುದೇ ಕೆಲಸ. ಅಮೆರಿಕದ ಇಂಥದೇ ವ್ಯವಸ್ಥೆಯ ನಿಯಮ ನೋಡಿ, ಎಷ್ಟು ಬಿಗಿ ಅಂತ ಗೊತ್ತಾಗುತ್ತದೆ. ಸದ್ದು 853 ಮತ್ತು 960 ಹರ್ಟ್ಸ್‌ನದು. ಎರಡು ಸೆಕೆಂಡಿನ ಒಂದು ಕೂಗು, ಆಮೇಲೆ ಒಂದೊಂದು ಸೆಕೆಂಡಿನ ಎರಡು, ನಡುವೆ ಅರ್ಧ ಸೆಕೆಂಡ್ ಬಿಡುವು. ಕಿವಿ ಕೇಳದವರಿಗಾಗಿ ಕಂಪನವೂ ಅದೇ ತಾಳದಲ್ಲಿ. ಆ ಸದ್ದನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಆ್ಯಪ್ ಬರೆಯುವವರ ಸೃಜನಶೀಲತೆಗೆ ಇಲ್ಲಿ ಜಾಗವೇ ಇಲ್ಲ, ಇರಲೂ ಬಾರದು. ಚಂಡಮಾರುತ ಬಂದಾಗ ಒಂದೊಂದು ಕಂಪನಿಯ ಫೋನ್ ಒಂದೊಂದು ರಾಗ ಹಾಡಿದರೆ ಯಾರು ಎದ್ದು ಓಡುತ್ತಾರೆ? ಫ್ಲ್ಯಾಶ್ ಎಸ್‌ಎಂಎಸ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಬಾಗಿಲು ಕಾಯುವವರದ್ದು. ಬ್ರಾಡ್‌ಕಾಸ್ಟ್ ಹೊರಡುವುದು ಸರ್ಕಾರದ ಅಧಿಕೃತ ಸಂಸ್ಥೆಯಿಂದ, ಮೊಬೈಲ್ ಜಾಲದ ಒಳಗಿನ ದಾರಿಯಲ್ಲಿ. ಪರದೆ ಮೇಲೆ ಇಷ್ಟು ಅಧಿಕಾರ ಬೇಕೆನ್ನುವ ಸ್ಟ್ಯಾಂಡರ್ಡ್, ಅದನ್ನು ಯಾರು ಚಲಾಯಿಸಬಹುದೆಂದೂ ಅದೇ ಪುಟದಲ್ಲಿ ಬರೆಯಬೇಕು.

ಚಾಟ್‌ಗೆ ಬರೋಣ. ಬೇರೆ ಬೇರೆ ಆ್ಯಪ್‌ಗಳು ಪರಸ್ಪರ ಚಾಟ್ ಮಾಡಲು ಇರುವ ಎಕ್ಸ್‌ಎಂಪಿಪಿ ಎಂಬ ಮುಕ್ತ ಪ್ರೋಟೋಕಾಲ್‌ಗೆ, ಅಂದರೆ ನಿಯಮಾವಳಿಗೆ, ‘ಎಕ್ಸ್‌ಇಪಿ’ ಎಂಬ ನೂರಾರು ವಿಸ್ತರಣೆಗಳಿವೆ. ಪರದೆಯ ವಿಷಯದಲ್ಲಿ ಅವುಗಳ ಧಾಟಿ ಒಂದೊಂದಕ್ಕೆ ಒಂದೊಂದು. ‘ಟೈಪ್ ಮಾಡುತ್ತಿದ್ದಾರೆ’ ಎಂದು ತೋರಿಸಲು ಎಕ್ಸ್‌ಇಪಿ-0085 ಐದು ಸ್ಥಿತಿ ಹೇಳುತ್ತದೆ. ಟೈಪ್ ನಿಂತು 30 ಸೆಕೆಂಡಿಗೆ ‘ವಿರಾಮ’, ಎರಡು ನಿಮಿಷಕ್ಕೆ ‘ನಿಷ್ಕ್ರಿಯ’, ಹತ್ತು ನಿಮಿಷಕ್ಕೆ ‘ಹೋದರು’ ಎಂಬ ಸಮಯಗಳು ಅಲ್ಲಿ ಬರೀ ಉದಾಹರಣೆಯಾಗಿ ಇವೆ. ಸರಿಯಾಗಿಯೇ ಇದೆ. ಮೂವತ್ತರ ಬದಲು ಇಪ್ಪತ್ತು ಸೆಕೆಂಡ್ ಆದರೆ ಯಾರ ಗಂಟು ಹೋಗುತ್ತದೆ?

ತಿದ್ದುಪಡಿಯ ವಿಷಯ ಹಾಗಲ್ಲ. ಕಳಿಸಿದ ಮೆಸೇಜನ್ನು ತಿದ್ದುವ ಎಕ್ಸ್‌ಇಪಿ-0308, ಹೊಸದನ್ನು ಹಳೆಯದರ ಜಾಗದಲ್ಲಿ ತೋರಿಸುತ್ತೀರೋ ಬೇರೆ ಥರ ತೋರಿಸುತ್ತೀರೋ ನಿಮಗೆ ಬಿಟ್ಟದ್ದು ಅನ್ನುತ್ತದೆ. ಆದರೆ ಇದು ತಿದ್ದಿದ ಮೆಸೇಜ್ ಎಂಬುದು ಓದುವವರಿಗೆ ತಿಳಿಯಬೇಕು ಎಂದೂ ಹೇಳುತ್ತದೆ. ‘ಐದು ಸಾವಿರಕ್ಕೆ ಕೊಡ್ತೀರಾ?’ ಅಂತ ಕೇಳಿದಿರಿ, ‘ಆಯ್ತು’ ಅಂತ ಉತ್ತರ ಬಂತು, ಆಮೇಲೆ ನಿಮ್ಮ ಪ್ರಶ್ನೆಯನ್ನು ‘ಎರಡು ಸಾವಿರ’ ಮಾಡಿದಿರಿ. ತಿದ್ದಿದ ಗುರುತಿಲ್ಲದಿದ್ದರೆ ಅವರು ಎರಡಕ್ಕೆ ಒಪ್ಪಿದ ಹಾಗಾಯಿತು. ಆ ಗುರುತು ಪೆನ್ಸಿಲ್ ಚಿತ್ರವೋ, ಅಕ್ಷರವೋ, ಓರೆ ಬರಹವೋ, ಅದು ಡಿಸೈನರ್ ಕೆಲಸ. ಇರಲೇಬೇಕು ಅನ್ನುವುದು ಸ್ಟ್ಯಾಂಡರ್ಡ್‌ನ ಕೆಲಸ. ಅಲ್ಲಿ ‘ಮಸ್ಟ್’ ಇರಬೇಕಿತ್ತು, ‘ಶುಡ್’ ಇದೆ ಎಂಬುದು ನನ್ನ ತಕರಾರು.

ಅಳಿಸುವುದು ಇನ್ನೂ ಸೂಕ್ಷ್ಮ. ವಾಟ್ಸ್‌ಆ್ಯಪ್ ತಿದ್ದಲು 15 ನಿಮಿಷ, ಎಲ್ಲರಿಗೂ ಅಳಿಸಲು ಎರಡು ದಿನದ ಮೇಲೆ ಹನ್ನೆರಡು ಗಂಟೆ ಕೊಡುತ್ತದೆ. ಎರಡೂ ಕಡೆ ಒಂದೇ ಕಂಪನಿಯ ತಂತ್ರಾಂಶ ಇರುವುದರಿಂದ ಆ ಮಾತು ಹೆಚ್ಚೂಕಡಿಮೆ ನಡೆಯುತ್ತದೆ. ಮುಕ್ತ ಪ್ರೋಟೋಕಾಲ್‌ನಲ್ಲಿ ಆ ಕಡೆ ಯಾವ ತಂತ್ರಾಂಶ ಇದೆಯೋ ಯಾರಿಗೆ ಗೊತ್ತು? ಎಕ್ಸ್‌ಇಪಿ-0424ರಲ್ಲಿ ಮೆಸೇಜ್ ಹಿಂತೆಗೆಯುವ ಆದೇಶದ ಜೊತೆಗೇ ಸಾದಾ ಪಠ್ಯವೊಂದನ್ನು ಕಟ್ಟಿ ಕಳಿಸುವ ಕ್ರಮ ಇದೆ: ‘ಇವರು ಒಂದು ಮೆಸೇಜ್ ಹಿಂತೆಗೆಯಲು ನೋಡಿದರು, ನಿಮ್ಮ ಆ್ಯಪ್‌ಗೆ ಅದು ಬರುವುದಿಲ್ಲ’ ಎಂಬರ್ಥದ್ದು. ಹಳೆಯ ಆ್ಯಪ್‌ನಲ್ಲಿ ಮೂಲ ಮೆಸೇಜ್ ಹಾಗೇ ಉಳಿಯುತ್ತದೆ, ಕೆಳಗೆ ಈ ಸಾಲು ಬರುತ್ತದೆ. ಮುಚ್ಚಿಡಲು ಹೋಗಿ ಡಂಗುರ ಹೊಡೆದ ಹಾಗೆ, ನಿಜ. ಆದರೆ ಸುಳ್ಳಂತೂ ಅಲ್ಲ. ಕಳಿಸಿದವರ ಕಡೆಯ ಗುಂಡಿಯಲ್ಲಿ ‘ಎಲ್ಲರಿಗೂ ಅಳಿಸು’ ಎಂದು ಬರೆದಿದ್ದರೆ ಅದು ಪ್ರೋಟೋಕಾಲ್ ಕೊಡಲಾಗದ ಮಾತು. ‘ಅಳಿಸಲು ಕೇಳು’ ಎಂದಿರಬೇಕು. ಗುಂಡಿಯ ಮೇಲಿನ ಪದಗಳನ್ನು ಸ್ಟ್ಯಾಂಡರ್ಡ್ ಬರೆಯಬೇಕಿಲ್ಲ, ಆದರೆ ಈ ಸೌಲಭ್ಯದ ಹೆಸರಲ್ಲಿ ಬಳಕೆದಾರರಿಗೆ ಯಾವ ಭರವಸೆ ಕೊಡಬಾರದು ಎಂದು ಬರೆಯಬಹುದು. ಯುರೋಪಿನ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆ ದೊಡ್ಡ ಆ್ಯಪ್‌ಗಳಿಗೆ ಬೇರೆ ಆ್ಯಪ್‌ಗಳ ಜೊತೆ ಮೆಸೇಜ್ ವಿನಿಮಯಕ್ಕೆ ಬಾಗಿಲು ತೆರೆಯಲು ಹೇಳಿರುವಾಗ ಇದು ಪುಸ್ತಕದ ಬದನೆಕಾಯಿ ಆಗಿ ಉಳಿದಿಲ್ಲ.

ಸೌಲಭ್ಯ ಗೊತ್ತಿಲ್ಲದ ಆ್ಯಪ್‌ನಲ್ಲಿ ಏನು ಕಾಣಬೇಕು ಎಂಬುದನ್ನು ಮೊದಲೇ ಯೋಚಿಸದಿದ್ದರೆ ಏನಾಗುತ್ತದೆಂದು ರಿಯಾಕ್ಷನ್‌ಗಳನ್ನು ನೋಡಿ ಕಲಿಯಬೇಕು. ಐಫೋನ್‌ನವರು ಹೆಬ್ಬೆಟ್ಟು ಒತ್ತಿದರೆ ಆಂಡ್ರಾಯ್ಡ್‌ನವರಿಗೆ ‘ಲೈಕ್ಡ್’ ಎಂಬ ಪದ, ಅದರ ಮುಂದೆ ತಮ್ಮದೇ ಮೆಸೇಜ್ ಪೂರ್ತಿ, ಇನ್ನೊಂದು ಎಸ್‌ಎಂಎಸ್ ಆಗಿ ಬರುತ್ತಿತ್ತು. ಇಮೇಲ್‌ಗೆ ರಿಯಾಕ್ಷನ್ ಹೇಗೆ ಕಳಿಸಬೇಕೆಂದು 2021ರಲ್ಲೇ ಪ್ರಾಯೋಗಿಕ ಆರ್‌ಎಫ್‌ಸಿ 9078 ಬಂದಿತ್ತು. 2023ರಲ್ಲಿ ಜಿಮೇಲ್ ತನ್ನದೇ ರೂಪದಲ್ಲಿ ಶುರುಮಾಡಿತು. ಅದು ಗೊತ್ತಿಲ್ಲದ ಕಡೆ ಒಂದು ಎಮೋಜಿಗೆ ಒಂದು ಪೂರಾ ಪತ್ರ ಬಂದು ಬೀಳುತ್ತದೆ.

ಸ್ಟ್ಯಾಂಡರ್ಡ್ ಬಣ್ಣದವರೆಗೂ ಹೋದ ಉದಾಹರಣೆ ಒಂದಿದೆ, ಅದು ನನಗೆ ಇಷ್ಟ. ಎಕ್ಸ್‌ಇಪಿ-0392 ಪ್ರಕಾರ ಗುಂಪಿನಲ್ಲಿರುವವರ ಹೆಸರನ್ನು ಎಸ್‌ಎಚ್‌ಎ-1 ಹ್ಯಾಶ್‌ಗೆ (ಯಾವ ಪಠ್ಯವನ್ನಾದರೂ ನಿಗದಿತ ಉದ್ದದ ಸಂಖ್ಯೆಯಾಗಿಸುವ ಲೆಕ್ಕ) ಹಾಕಿ, ಮೊದಲ ಎರಡು ಬೈಟ್ ತೆಗೆದು, 65536ರಿಂದ ಭಾಗಿಸಿ 360ರಿಂದ ಗುಣಿಸಿದರೆ ಬಣ್ಣದ ಚಕ್ರದ ಮೇಲಿನ ಕೋನ ಸಿಗುತ್ತದೆ. ಯಾವ ಆ್ಯಪ್‌ನಲ್ಲಿ ನೋಡಿದರೂ ಒಬ್ಬರಿಗೆ ಒಂದೇ ಬಣ್ಣ. ಬಣ್ಣ ಗುರುತಿಸಲು ಕಷ್ಟವಿರುವವರಿಗೆ ಕೋನ ಬದಲಿಸುವ ಲೆಕ್ಕವೂ ಅದರ ಹಿಂದಿನ ರೂಪಗಳಲ್ಲಿ ಇತ್ತು. ಬೇಕಾದವರು ಬಳಸಲಿ ಎಂದು ಬದಿಗಿಟ್ಟ ದಾಖಲೆ ಇದು. ಪಾಲಿಸದಿದ್ದರೆ ಯಾರಿಗೂ ಮೋಸವಿಲ್ಲ, ಆದ್ದರಿಂದ ಪ್ರೋಟೋಕಾಲ್‌ನ ಹೊಟ್ಟೆಯೊಳಗೆ ಇದನ್ನು ತುರುಕದೆ ಹೊರಗಿಟ್ಟದ್ದೂ ಸರಿ.

ಸುಮ್ಮನಿದ್ದು ಕೆಟ್ಟ ಕಡೆಯೂ ಇದೆ. 2018ರ ಮೇ ತಿಂಗಳಲ್ಲಿ ‘ಇಫೇಲ್’ ಎಂಬ ದೋಷ ಹೊರಬಂತು. ಗೂಢಲಿಪಿಯಲ್ಲಿದ್ದ ಹಳೆಯ ಪತ್ರವೊಂದು ಕಳ್ಳರ ಕೈಗೆ ಸಿಕ್ಕಿದೆ, ಬಿಡಿಸಲು ಬರುವುದಿಲ್ಲ. ಅವರು ಮೂರು ಭಾಗದ ಹೊಸ ಪತ್ರ ಕಟ್ಟುತ್ತಾರೆ. ಮೊದಲ ಭಾಗದಲ್ಲಿ ಎಚ್‌ಟಿಎಂಎಲ್ ಚಿತ್ರದ ಟ್ಯಾಗ್, ತಮ್ಮ ಸರ್ವರ್‌ನ ವಿಳಾಸ, ಉದ್ಧರಣ ಚಿಹ್ನೆಯನ್ನು ಮುಚ್ಚದೆ ಬಿಟ್ಟದ್ದು. ಎರಡನೆಯದು ಆ ಗೂಢ ಪಠ್ಯ. ಮೂರನೆಯದರಲ್ಲಿ ಮುಚ್ಚುವ ಚಿಹ್ನೆ. ನಿಮ್ಮ ಮೇಲ್ ತಂತ್ರಾಂಶ ನಡುವಿನದನ್ನು ಬಿಡಿಸಿ, ಮೂರನ್ನೂ ಒಂದೇ ಪುಟವಾಗಿ ಹೊಲಿದು ತೋರಿಸುತ್ತದೆ. ಆಗ ಬಿಡಿಸಿದ ಗುಟ್ಟೆಲ್ಲ ‘ಚಿತ್ರದ ವಿಳಾಸ’ವಾಗಿ ಕಳ್ಳರ ಸರ್ವರ್‌ಗೆ ತಾನೇ ನಡೆದುಹೋಗುತ್ತದೆ. ಆ್ಯಪಲ್ ಮೇಲ್, ಥಂಡರ್‌ಬರ್ಡ್ ಎರಡೂ ಸಿಕ್ಕಿಬಿದ್ದವು. ಪತ್ರವನ್ನು ಭಾಗ ಮಾಡುವುದು ಹೇಗೆಂದು ಮೈಮ್ ಸ್ಟ್ಯಾಂಡರ್ಡ್ ವಿವರವಾಗಿ ಹೇಳಿತ್ತು. ತೋರಿಸುವಾಗ ಒಂದು ಭಾಗ ಇನ್ನೊಂದರೊಳಗೆ ಸೋರಬಾರದು ಎಂದು ಯಾರೂ ಕಡ್ಡಾಯ ಮಾಡಿರಲಿಲ್ಲ.

ನಕಲಿ ಇಮೇಲ್ ತಡೆಯುವ ಡಿಮಾರ್ಕ್ ಎಂಬ ವ್ಯವಸ್ಥೆ ಕೂಡ ಇಂಥದ್ದೇ. ‘ಫ್ರಮ್’ ಸಾಲಿನ ಡೊಮೈನ್ ಅಸಲಿಯೋ ಎಂದು ಸರ್ವರ್‌ಗಳು ಪರೀಕ್ಷೆ ಮಾಡುತ್ತವೆ. ಫೋನ್‌ನ ಇನ್‌ಬಾಕ್ಸ್ ಆ ಡೊಮೈನನ್ನೇ ಮುಚ್ಚಿಟ್ಟು ಪಕ್ಕದಲ್ಲಿರುವ ಹೆಸರನ್ನಷ್ಟೇ ತೋರಿಸುತ್ತದೆ. ಆ ಹೆಸರಿನಲ್ಲಿ ‘ಬ್ಯಾಂಕ್ ಮ್ಯಾನೇಜರ್’ ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು, ತಮ್ಮದೇ ಡೊಮೈನ್‌ನಿಂದ ಕಳಿಸಿ ಡಿಮಾರ್ಕ್ ಪರೀಕ್ಷೆಯಲ್ಲಿ ಪಾಸೂ ಆಗಬಹುದು. ಪರೀಕ್ಷೆ ಮಾಡಿದ್ದು ಒಂದನ್ನು, ಕಣ್ಣಿಗೆ ಬಿದ್ದದ್ದು ಇನ್ನೊಂದು.

ಸ್ಟ್ಯಾಂಡರ್ಡ್ ಸುಮ್ಮನಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ದೊಡ್ಡವರು ಬಂದು ಕೂರುತ್ತಾರೆ. ‘ಅನ್‌ಸಬ್‌ಸ್ಕ್ರೈಬ್’ ಕೊಂಡಿಯನ್ನು ಹೆಡರ್‌ನಲ್ಲಿಡುವ ಕ್ರಮ 1998ರದ್ದು. ಆದರೆ ವೈರಸ್ ಪರೀಕ್ಷಿಸುವ ತಂತ್ರಾಂಶಗಳು ಪತ್ರದ ಕೊಂಡಿಗಳನ್ನೆಲ್ಲ ತೆರೆದು ನೋಡುವಾಗ ಜನರ ಚಂದಾ ತಾನಾಗಿ ರದ್ದಾಗತೊಡಗಿತು. ಹಾಗಾಗಿ ಕಳಿಸುವವರು ನಡುವೆ ‘ಖಂಡಿತವೇ?’ ಎಂಬ ಪುಟ ಇಟ್ಟರು, ಒಂದೇ ಒತ್ತಿಗೆ ಬಿಡುಗಡೆ ಎಂಬುದು ಇಲ್ಲವಾಯಿತು. 2017ರ ಆರ್‌ಎಫ್‌ಸಿ 8058 ಇದಕ್ಕೆ ‘ಪೋಸ್ಟ್’ ಎಂಬ, ಸರ್ವರ್‌ಗೆ ಮಾಹಿತಿ ಸಲ್ಲಿಸುವ ಬಗೆಯ ವಿನಂತಿ ಬಳಸಿತು. ಸುಮ್ಮನೆ ಕೊಂಡಿ ತೆರೆದು ನೋಡುವ ಯಂತ್ರ ಪೋಸ್ಟ್ ಮಾಡುವುದಿಲ್ಲ. ಚೊಕ್ಕ ಪರಿಹಾರ, ಆದರೆ ಅದು ಬೇಕಾದವರು ಮಾಡಿಕೊಳ್ಳುವ ಸೌಲಭ್ಯವಾಗಿತ್ತು. 2024ರಲ್ಲಿ ಗೂಗಲ್ ಮತ್ತು ಯಾಹೂ ಸಗಟು ಪತ್ರ ಕಳಿಸುವವರಿಗೆ ಅದನ್ನು ಕಡ್ಡಾಯ ಮಾಡಿದವು. ಜಿಮೇಲ್‌ನ ಲೆಕ್ಕದಲ್ಲಿ ದಿನಕ್ಕೆ 5000 ಪತ್ರ ದಾಟುವವರು, ಎರಡು ದಿನದೊಳಗೆ ಹೆಸರು ತೆಗೆಯಬೇಕು. ಬಳಕೆದಾರರಿಗೆ ಒಳ್ಳೆಯದೇ ಆಯಿತು. ಆದರೆ ಮುಂದಿನ ನಿಯಮವೂ ನಮಗೆ ಒಳ್ಳೆಯದೇ ಇರುತ್ತದೆ ಅನ್ನುವ ಖಾತರಿ ಏನು? ಅದನ್ನು ಚರ್ಚಿಸಲು ತೆರೆದ ಸಭೆಯೇನೂ ಇಲ್ಲ.

ಕೊನೆಗೆ ನಮ್ಮ ಲಿಪಿಯ ಎರಡು ಮಾತು. ಪತ್ರದ ವಿಷಯದ ಸಾಲಿನಲ್ಲಿ ಕನ್ನಡ ಬರೆದಾಗ ಅದು ಸಾಮಾನ್ಯವಾಗಿ 1996ರ ಆರ್‌ಎಫ್‌ಸಿ 2047ರ ಪ್ರಕಾರ ತುಂಡುತುಂಡಾಗಿ ಹೋಗುತ್ತದೆ. ಒಂದು ತುಂಡು 75 ಅಕ್ಷರ, ತುಂಡು ಇರುವ ಸಾಲು 76 ಅಕ್ಷರ ಮೀರಬಾರದು. ‘ಸಬ್ಜೆಕ್ಟ್’ ಎಂಬ ಹೆಸರು, ಕೋಲನ್, ಸ್ಪೇಸ್ ಸೇರಿ ಒಂಬತ್ತು ಹೋದರೆ, ತುಂಡಿನ ಸುತ್ತಲಿನ ಗುರುತುಗಳಿಗೆ ಹನ್ನೆರಡು ಹೋದರೆ, ಮೊದಲ ತುಂಡಿನಲ್ಲಿ ಉಳಿಯುವುದು 39 ಬೈಟ್. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. ‘ಕರ್ನಾಟಕ ರಾಜ್ಯೋತ್ಸವ ಆಹ್ವಾನ’ ಎಂದು ತುಂಬಿಸುತ್ತ ಬನ್ನಿ: 37 ಬೈಟ್‌ಗೆ ‘ರಾಜ್ಯ’ ಮುಗಿಯುತ್ತದೆ, ಮುಂದಿನ ಓತ್ವ ಹಿಡಿಸದೆ ಎರಡನೆಯ ತುಂಡಿನ ತಲೆಗೆ ಹೋಗುತ್ತದೆ. ತುಂಡುಗಳ ನಡುವಿನ ಖಾಲಿ ಜಾಗವನ್ನು ತೋರಿಸುವಾಗ ಬಿಟ್ಟುಬಿಡಬೇಕು ಎಂದು ಇದೇ ಸ್ಟ್ಯಾಂಡರ್ಡ್ ಹೇಳುತ್ತದೆ. ಪರದೆಯ ಮೇಲೇನು ಕಾಣಬೇಕೆಂಬ ನಿಯಮವೇ ಇದು, ಇಲ್ಲಿ ಬೇಕೇ ಬೇಕು. ಪಾಲಿಸದಿದ್ದರೆ ‘ರಾಜ್ಯ’ ಒಂದು ಕಡೆ, ಚುಕ್ಕೆ ವೃತ್ತದ ಮೇಲೆ ಅನಾಥ ಓತ್ವ ಇನ್ನೊಂದು ಕಡೆ. ದೋಷ ಯಾರದ್ದೆಂದು ಹೇಳಲೂ ಇದು ನೆರವಾಗುತ್ತದೆ. ಪದದ ನಡುವೆ ಬಿರುಕು ಬಿಟ್ಟು ಚುಕ್ಕೆ ವೃತ್ತ ಕಂಡರೆ ಓದುವ ಕಡೆಯ ತಂತ್ರಾಂಶವನ್ನು ಅನುಮಾನಿಸಿ. ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಕಳಿಸಿದ ಕಡೆಯದನ್ನು. ಅದು ಒಂದು ಚಿಹ್ನೆಯ ಮೂರು ಬೈಟ್‌ಗಳ ನಡುವೆಯೇ ಕತ್ತರಿ ಆಡಿಸಿದೆ.

ಇನ್ನೊಂದು ‘ರ‍್ಯಾಪರ್’ ಎಂಬ ಪದ. ರ ಮೇಲೆ, ಯ ಒತ್ತು ಕೆಳಗೆ ಬರಬೇಕಾದರೆ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ, ಝೀರೋ ವಿಡ್ತ್ ಜಾಯ್ನರ್, ಆಮೇಲೆ ಹಲಂತ, ಆಮೇಲೆ ಯ. ಜೋಡಕ ತೆಗೆದರೆ ಅರ್ಕಾವತ್ತು ಬಂದು ‘ರ್ಯಾಪರ್’ ಆಗುತ್ತದೆ. ಇದನ್ನು ಎಕ್ಸ್‌ಎಂಪಿಪಿ ಚಾಟ್ ಕೋಣೆಯಲ್ಲಿ ನಿಮ್ಮ ಅಡ್ಡಹೆಸರಾಗಿ ಇಟ್ಟುಕೊಳ್ಳಿ. 2004ರ ಆರ್‌ಎಫ್‌ಸಿ 3920 ಪಾಲಿಸುವ ಸರ್ವರ್ ಜೋಡಕವನ್ನು ಸದ್ದಿಲ್ಲದೆ ಅಳಿಸುತ್ತದೆ. ಹೆಸರುಗಳಂಥ ಪಠ್ಯದಲ್ಲಿ ಯಾವ ಅಕ್ಷರ ಬರಬಹುದೆಂದು ಹೇಳುವ ಹೊಸ ಪ್ರೆಸಿಸ್ ನಿಯಮ, ಆರ್‌ಎಫ್‌ಸಿ 8264, ಅಳಿಸುವುದಿಲ್ಲ. ಆದರೆ ಜೋಡಕ ಹಲಂತದ ನಂತರ ಮಾತ್ರ ಬರಬಹುದು ಅನ್ನುತ್ತದೆ. ನಮ್ಮದು ಹಲಂತದ ಮೊದಲು ಬರುತ್ತದೆ, ಹಾಗಾಗಿ ಹೆಸರೇ ತಿರಸ್ಕೃತ. ಮೆಸೇಜ್‌ನ ಒಳಗೆ ಎಷ್ಟು ಸಲ ಬೇಕಾದರೂ ಬರೆಯಬಹುದು, ಹೆಸರಾಗಿ ಇಟ್ಟುಕೊಳ್ಳುವಂತಿಲ್ಲ.

ನಿಯಮ ಬದಲಾಗುವ ತನಕ ಆ್ಯಪ್ ಬರೆಯುವವರು ಮಾಡಬಹುದಾದ್ದು ಎರಡು. ಸರ್ವರ್ ಹೆಸರನ್ನು ಬದಲಿಸಿ ಇಟ್ಟುಕೊಂಡಿದ್ದರೆ, ಕೋಣೆಯೊಳಗೆ ಕಳಿಸುವ ಮುಂಚೆ ಬದಲಾದ ರೂಪವನ್ನು ತೋರಿಸಿ. ತಿರಸ್ಕರಿಸಿದ್ದರೆ ‘ಹೆಸರು ಅಮಾನ್ಯ’ ಎಂದು ನಿಲ್ಲಿಸಬೇಡಿ. ಸರಿಯಾಗಿಯೇ ಟೈಪ್ ಮಾಡಿದವರಿಗೆ ಅಲ್ಲಿ ತಪ್ಪೇನೂ ಕಾಣುವುದಿಲ್ಲ, ತಕರಾರು ಇರುವುದು ಕಾಣದ ಅಕ್ಷರದ ಮೇಲೆ. ‘ರ ಮತ್ತು ಯ ಒತ್ತಿನ ನಡುವಿನ ಜೋಡಕವನ್ನು ಈ ಸರ್ವರ್ ಒಪ್ಪುವುದಿಲ್ಲ’ ಎಂದು ಬರೆದು, ಆ ಜಾಗಕ್ಕೇ ಕರ್ಸರ್ ಒಯ್ದು ನಿಲ್ಲಿಸಿ.